ಹಿಮ ಬಿದ್ದ ಮೇಲಿನ ಕೂಗು

ಲೈಲ್ ಟಾರ್ವಿಕ್ ಹರಾಜು ಕೂಗುವಾಗ ಕಟಕಟೆಯೊಳಗಿನ ದನಗಳೂ ಕಿವಿ ನಿಮಿರಿಸಿ ಕೇಳುತ್ತಿದ್ದವು ಎಂದು ಲಾಸ್ಟ್‌ಮೇರ್ ಊರಿನವರು ಈಗಲೂ ಹೇಳುತ್ತಾರೆ. ಅದು ಸುಳ್ಳು. ದನಗಳಿಗೆ ಅವನ ಗೊಡವೆಯೇ ಇರಲಿಲ್ಲ. ಕೇಳುತ್ತಿದ್ದವರು ಮನುಷ್ಯರು. ವಾರದ ಸಂತೆಯ ದಿನ ಮರದ ಅಟ್ಟಣೆಯ ಮೇಲೆ ಕೂತು, ಹ್ಯಾಟನ್ನು ಹಿಂದಕ್ಕೆ ಸರಿಸಿ ಅವನು ಬೆಲೆ ಕೂಗಲು ಶುರು ಮಾಡಿದನೆಂದರೆ ಮಾತು ಯಾವುದು, ಅಂಕಿ ಯಾವುದು, ಉಸಿರು ಯಾವುದು ಎಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ. ಕೊಳ್ಳುವ ಮನಸ್ಸಿಲ್ಲದೆ ಒಲೆಯ ಹತ್ತಿರ ಬೆಚ್ಚಗೆ ಕೂರಲು ಬಂದ ಮುದುಕರೂ ಆ ಓಟಕ್ಕೆ ಸಿಕ್ಕಿ ಬೆರಳೆತ್ತಿ, ಬೇಡದ ಕರುವೊಂದನ್ನು ಮನೆಗೆ ಹೊಡೆದುಕೊಂಡು ಹೋದದ್ದುಂಟು.

ಸಂತೆ ಮುಗಿದರೂ ಅವನ ಬಾಯಿ ಮುಗಿಯುತ್ತಿರಲಿಲ್ಲ. ಊಟದಲ್ಲಿ, ಇಗರ್ಜಿಯ ಮೆಟ್ಟಿಲ ಮೇಲೆ, ಹುಲ್ಲು ಹೊರುವಾಗ, ಎಲ್ಲೆಲ್ಲೂ ಮಾತು. ಅವನ ಹೆಂಡತಿ ಬರ್ನೀಸ್ ಮಿತಭಾಷಿ. ಮಿತಭಾಷಿಯಾದದ್ದು ಹುಟ್ಟುಗುಣದಿಂದಲೋ, ಬಾಯಿ ತೆರೆಯಲು ಸಂದು ಸಿಗದೆಯೋ ಎಂದು ಯಾರೂ ವಿಚಾರಿಸಲು ಹೋಗಿರಲಿಲ್ಲ.

ಸೆಪ್ಟೆಂಬರ್ ಬಂತೆಂದರೆ ಅದೇ ಬಾಯಿ ಗುಡ್ಡ ಹತ್ತುತ್ತಿತ್ತು. ಮಾಂಟಾನಾದ ಆ ಕಣಿವೆಯಲ್ಲಿ ಎಲ್ಕ್ ಬೇಟೆಯಾಡದ ಮನೆ ಅಪರೂಪ. ಕಡವೆಯ ಬಳಗದ, ಕಡವೆಗಿಂತ ದೊಡ್ಡದಾದ ಆ ಪ್ರಾಣಿಯ ಮಾಂಸದಲ್ಲೇ ಅಲ್ಲಿಯವರ ಚಳಿಗಾಲ ಕಳೆಯುತ್ತದೆ. ಬೆದೆಯ ಕಾಲದಲ್ಲಿ ಗಂಡು ಎಲ್ಕ್ ಕಹಳೆ ಊದಿದಂತೆ ಕೂಗುತ್ತದೆ. ಅದಕ್ಕೆ ಸರಿಯಾಗಿ ಪ್ರತಿಕೂಗು ಕೊಟ್ಟರೆ, ತನ್ನ ಹೆಣ್ಣುಗಳ ಮೇಲೆ ಯಾರೋ ಕಣ್ಣು ಹಾಕಿದರೆಂದು ಪೊದೆಗಳನ್ನು ಮುರಿದುಕೊಂಡು ನುಗ್ಗಿ ಬರುತ್ತದೆ. ರಬ್ಬರಿನ ತೆಳು ಪೀಪಿಯನ್ನು ಅಂಗುಳಕ್ಕೆ ಅಂಟಿಸಿಕೊಂಡು ಲೈಲ್ ಕೂಗಿದರೆ ಕಣಿವೆಯ ಆಚೆ ಬದಿಯ ಗಂಡುಗಳೂ ಉತ್ತರ ಕೊಡುತ್ತಿದ್ದವು. ದೂರದ ಊರುಗಳಿಂದ ಜನ ಬಂದು ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಕೋವಿ ಅವರದು, ಕೂಗು ಇವನದು.

ನವೆಂಬರಿನ ಬೇಟೆ ಎಂದರೆ ಮಾತ್ರ ಅವನಿಗೆ ತಾತ್ಸಾರ. ಅಷ್ಟರಲ್ಲಿ ಬೆದೆ ಇಳಿದಿರುತ್ತದೆ, ಹಿಮ ಬಿದ್ದಿರುತ್ತದೆ. ದಣಿದ ಗಂಡುಗಳು ಮೇಲಿನ ಕಾಡು ಸೇರಿ ಬಾಯಿ ಮುಚ್ಚಿಕೊಂಡಿರುತ್ತವೆ. ಹೆಣ್ಣುಗಳು, ಮರಿಗಳು ದೊಡ್ಡ ಹಿಂಡು ಕಟ್ಟಿಕೊಂಡು ಸಂಜೆ ಹುಲ್ಲುಗಾವಲಿಗೆ ಇಳಿದು, ಬೆಳಕು ಹರಿಯುವಾಗ ಮತ್ತೆ ಮರಗಳ ಮರೆಗೆ ಹೋಗುತ್ತವೆ. ಎರಡು ತಿಂಗಳು ಬಗೆಬಗೆಯ ಪೀಪಿಗಳ ಸದ್ದು ಕೇಳಿ ಕೇಳಿ ಅವು ಯಾರ ಕೂಗಿಗೂ ಸೊಪ್ಪು ಹಾಕುವುದಿಲ್ಲ. "ಉತ್ತರ ಕೊಡದೋರ ಹತ್ರ ಏನು ಮಾತು?" ಎನ್ನುತ್ತಿದ್ದ ಲೈಲ್. "ನವೆಂಬರ್ ಇರೋದು ಡೆಲ್ಮರ್‌ನಂಥೋರಿಗೆ."

ಡೆಲ್ಮರ್ ಪ್ರೂಯಿಟ್ ಬರ್ನೀಸಳ ತಮ್ಮ. ಟ್ರ್ಯಾಕ್ಟರ್ ರಿಪೇರಿ ಅವನ ಕಸುಬು. ಬೇಟೆಯ ಹುಚ್ಚಿತ್ತು, ಕೈಗುಣ ಇರಲಿಲ್ಲ. ಅಂಗುಳದ ಪೀಪಿ ಬಾಯಿಗಿಟ್ಟರೆ ವಾಂತಿ ಬರುತ್ತಿತ್ತು. ಹಾಗಾಗಿ ಒಂದು ವರ್ಷ ಅವನು ಅಂಗಡಿಯಿಂದ ರಬ್ಬರಿನ ಒತ್ತುಬುಡ್ಡೆಯೊಂದನ್ನು ತಂದ. ಕೈಯಲ್ಲಿ ಹಿಡಿದು ಅಮುಕಿದರೆ ಹೆಣ್ಣು ಎಲ್ಕ್‌ನ ಎಳೆದ ದನಿ ಹೊರಡುತ್ತಿತ್ತು. ಆರ್ಲಾ ಎಂಬಾಕೆಯ ಕಾಫಿ ಹೋಟೆಲಿನಲ್ಲಿ ಎಲ್ಲರೆದುರು ಅದನ್ನು ಮೇಜಿನ ಮೇಲಿಟ್ಟದ್ದೇ ತಪ್ಪಾಯಿತು.

"ಡೆಲ್ಮರ್, ಯಾವ ಮಗು ಕೈಯಿಂದ ಕಿತ್ಕೊಂಡು ಬಂದ್ಯೋ ಇದನ್ನ?" ಎಂದ ಲೈಲ್. "ಪಾಪ, ಅದು ಮನೇಲಿ ಅಳ್ತಾ ಇರ್ಬೇಕು, ವಾಪಸ್ ಕೊಟ್ಬಿಡು."

"ನೀನು ನಗು. ಒತ್ತಿದ್ರೆ ಸಾಕು, ಕೂಗುತ್ತೆ. ಹಲ್ಲು ಬೇಡ, ನಾಲಿಗೆ ಬೇಡ."

"ಒತ್ತು ನೋಡೋಣ."

ಡೆಲ್ಮರ್ ಒತ್ತಿದ. ಹೋಟೆಲು ಗೊಳ್ಳೆಂದಿತು.

"ಬಾಗಿಲ ಸಂದಿಗೆ ಬಾಲ ಸಿಕ್ಕ ಬಾತುಕೋಳಿ!" ಎಂದ ಲೈಲ್. ಆಮೇಲೆ ಬಾಯೊಳಗಿನ ಪೀಪಿಯಿಂದ ನಿಜವಾದ ಹೆಣ್ಣಿನ ಕೂಗು ಕೂಗಿ ತೋರಿಸಿದ. ಆರ್ಲಾಳ ನಾಯಿ ಮೇಜಿನಡಿಯಿಂದ ಎದ್ದು ಬಾಗಿಲಿಗೆ ಓಡಿತು. ಡೆಲ್ಮರ್ ಕೆಂಪಗಾಗಿ ಬುಡ್ಡೆಯನ್ನು ಜೇಬಿಗೆ ಹಾಕಿಕೊಂಡ. ಅಲ್ಲಿಂದ ಮುಂದೆ ಊರಿನಲ್ಲಿ ಅವನ ಹೆಸರು ಬಾತುಕೋಳಿ ಎಂದೇ ಆಯಿತು. ಅಂಥ ಹೆಸರುಗಳು ಲೈಲ್‌ನ ಬಾಯಿಂದ ಬಿದ್ದರೆ ಅಳಿಸಿ ಹೋಗುತ್ತಿರಲಿಲ್ಲ.

ಇದಾದ ಕೆಲವು ವರ್ಷಕ್ಕೆ, ವಸಂತದ ಸಂತೆಗಳು ನಡೆಯುತ್ತಿದ್ದಾಗ, ಲೈಲ್‌ನ ದನಿ ಒಡೆಯತೊಡಗಿತು. ಧೂಳು ಎಂದುಕೊಂಡ. ಸಿಗರೇಟು ಬಿಟ್ಟ. ಜೇನುತುಪ್ಪ ನೆಕ್ಕಿದ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ನೋಡಿ, ಧ್ವನಿಪೆಟ್ಟಿಗೆಗೆ ಕ್ಯಾನ್ಸರ್ ಹಿಡಿದಿದೆ, ಪೂರ್ತಿ ತೆಗೆಯದೆ ದಾರಿಯಿಲ್ಲ ಎಂದರು.

ತೆಗೆದರು. ಕತ್ತಿನ ಬುಡದಲ್ಲಿ ಒಂದು ತೂತು ಉಳಿಯಿತು. ಇನ್ನು ಮುಂದೆ ಉಸಿರಾಟ ಅದರಲ್ಲೇ. ಬಾಯಿಗೂ ಎದೆಗೂ ಇದ್ದ ಹಾದಿ ಮುಚ್ಚಿಹೋದದ್ದರಿಂದ ಊದಲು ಬರುತ್ತಿರಲಿಲ್ಲ. ಕಾಫಿಯ ಬಿಸಿ ಆರಿಸಲೂ ಅವನ ಬಾಯಲ್ಲಿ ಗಾಳಿಯಿರಲಿಲ್ಲ. ಮೂಗಿನಿಂದ ಉಸಿರೆಳೆಯದ ಕಾರಣ ವಾಸನೆಯೂ ಹೋಯಿತು. ಆಸ್ಪತ್ರೆಯವರು ಒಂದು ಯಂತ್ರ ಕೊಟ್ಟು ಕಳಿಸಿದರು. ಟಾರ್ಚಿನ ಗಾತ್ರದ್ದು. ಗುಂಡಿ ಅದುಮಿ ಗದ್ದದ ಕೆಳಗೆ ಒತ್ತಿ ಹಿಡಿದರೆ ಜೀರುಂಡೆಯಂತೆ ಒಂದೇ ಸಮನೆ ಗುಂಯ್‌ಗುಡುತ್ತದೆ, ಆ ಸದ್ದಿಗೆ ತುಟಿ ನಾಲಿಗೆ ಆಡಿಸಿ ಮಾತಿನ ಆಕಾರ ಕೊಡಬೇಕು. ಲೈಲ್ ಮನೆಗೆ ಬಂದ ದಿನ ಅದನ್ನು ಒಂದು ಸಲ ಒತ್ತಿ ಬರ್ನೀಸಳ ಹೆಸರು ಹೇಳಿದ. ಕೇಳಿ ತಾನೇ ಬೆಚ್ಚಿದ. ಮಾರನೆಯ ದಿನದಿಂದ ಯಂತ್ರ ಅಡುಗೆಮನೆಯ ಕಪಾಟು ಸೇರಿತು. ಬರ್ನೀಸಳ ಎದುರು, ಅದೂ ತೀರಾ ಬೇಕಾದಾಗ, ಎರಡು ಮಾತಿಗೆ ಹೊರಬರುತ್ತಿತ್ತು. ಮೂರನೆಯವರು ಯಾರೂ ಅದನ್ನು ಕೇಳಿರಲಿಲ್ಲ.

ಸಂತೆಗೆ ಬೇರೆ ಕೂಗುವವನು ಬಂದ. ಲೈಲ್ ಆ ದಾರಿಯಲ್ಲಿ ಗಾಡಿ ಓಡಿಸುವುದನ್ನೂ ಬಿಟ್ಟ. ಕಾಫಿ ಹೋಟೆಲಿಗೆ ಹೋಗಲಿಲ್ಲ. ಮನೆಗೆ ಬಂದ ಜನ ಅವನೆದುರು ದನಿ ತಗ್ಗಿಸಿ, ಕಿವುಡರೊಡನೆ ಆಡುವಂತೆ ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ಅವನ ಕಿವಿಗೇನೂ ಆಗಿರಲಿಲ್ಲ. ಮೊದಲ ಸೆಪ್ಟೆಂಬರಿನಲ್ಲಿ ಗುಡ್ಡದ ಮೇಲಿಂದ ಗಂಡುಗಳ ಕಹಳೆ ಕೇಳಿಬಂದಾಗ ಎದ್ದು ಕಿಟಕಿ ಮುಚ್ಚಿದ. ಆ ವರ್ಷ ಕೋವಿ ಮುಟ್ಟಲಿಲ್ಲ.

ಮರುವರ್ಷ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬ ಹತ್ತಿರವಾಗಿ ಬೇಟೆಯ ಕಾಲ ಮುಗಿಯುತ್ತ ಬಂದಾಗ, ಡೆಲ್ಮರ್ ಬಂದು ಅಡುಗೆಮನೆಯಲ್ಲಿ ಕೂತ. ಟೋಪಿ ಬಿಚ್ಚಲಿಲ್ಲ. ಅವನು ದನಿ ತಗ್ಗಿಸಿ ಮಾತಾಡುವ ಜಾತಿಯಲ್ಲ.

"ಲೈಲ್, ನನ್ನ ಫ್ರೀಜರ್‌ನಲ್ಲಿ ಐಸ್ ಬಿಟ್ರೆ ಏನಿಲ್ಲ. ಹೆಣ್ಣು ಎಲ್ಕ್ ಹೊಡೆಯೋ ಪರವಾನಗಿ ಇದೆ. ಹೊಡೆಯೋ ಎಲ್ಕ್ ಇಲ್ಲ. ಬರ್ತೀಯಾ?"

ಲೈಲ್ ಕತ್ತಿನ ತೂತಿಗೆ ಕಟ್ಟಿದ್ದ ಬಟ್ಟೆಯ ಪಟ್ಟಿಯನ್ನು ತೋರಿಸಿದ. ಬಾಯಿಗೆ ಕೈಯಿಟ್ಟು, ಇಲ್ಲ ಎಂದು ಆಡಿಸಿದ.

"ಗೊತ್ತು, ಗೊತ್ತು. ನಿನ್ನ ಬಾಯಿ ಯಾರಿಗೆ ಬೇಕು? ಕಣ್ಣಿದೆ, ಕಿವಿ ಇದೆ. ನನ್ನ ಕಿವಿ ಇಂಜಿನ್ ಸದ್ದಿಗೆ ಅರ್ಧ ಹೋಗಿದೆ. ನೀನು ಕೇಳಿ ಹೇಳು ಸಾಕು."

"ಹೇಗೆ ಹೇಳ್ತಾನೆ?" ಎಂದಳು ಬರ್ನೀಸ್, ಪಾತ್ರೆ ಒರೆಸುತ್ತ.

"ಗುದ್ದಿ ಹೇಳ್ಲಿ. ಎಡಕ್ಕೆ ಬಂದ್ರೆ ಎಡಗೈಗೆ ಗುದ್ದು, ಬಲಕ್ಕೆ ಬಂದ್ರೆ ಬಲಗೈಗೆ. ಇಷ್ಟು ವರ್ಷ ಗುದ್ದಬೇಕು ಅಂತ ಆಸೆ ಇತ್ತಲ್ವಾ ಅವನಿಗೆ?"

ಲೈಲ್ ನಗಲಿಲ್ಲ. ಆದರೆ ಬೆಳಗಿನ ಜಾವ ಡೆಲ್ಮರ್‌ನ ಪಿಕಪ್ ಬಂದಾಗ ಬೇಟೆಗಾರರ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಕತ್ತಿಗೆ ಉಣ್ಣೆಯ ಶಾಲು ಸುತ್ತಿಕೊಂಡು ಹೊಸಿಲಲ್ಲಿ ನಿಂತಿದ್ದ.

ಅವರು ಹೋದದ್ದು ಪೈನ್ ಕಾಡಿನ ಅಂಚಿಗೆ. ಕೆಳಗೆ ಹುಲ್ಲುಗಾವಲು. ಹಿಂಡು ಮೇದು ಮೇಲೇರುವ ದಾರಿ ಹಿಮದಲ್ಲಿ ಸ್ಪಷ್ಟವಾಗಿತ್ತು. ಬಿದ್ದ ಮರವೊಂದರ ಹಿಂದೆ ಕೂತರು. ಗಾಳಿ ಮುಖಕ್ಕೆ ಬೀಸುತ್ತಿತ್ತು. ಬೆಳಕು ಮೂಡುತ್ತಿದ್ದಂತೆ ಹಿಂಡು ಕಂಡಿತು. ಮುಂದೆ ಮುದಿ ಹೆಣ್ಣೊಂದು, ಹಿಂದೆ ಸಾಲು. ಒಂದೊಂದು ಹೆಜ್ಜೆಗೂ ನಿಂತು ನೋಡುತ್ತ ಇವರ ಕಡೆಗೇ ಬರುತ್ತಿದ್ದವು. ಡೆಲ್ಮರ್ ಕೋವಿಯನ್ನು ಮರದ ಮೇಲೆ ಒರಗಿಸಿದ.

ಆಗ ಲೈಲ್‌ಗೆ ಕೆಮ್ಮು ಬಂತು. ಮೂಗಿನಲ್ಲಿ ಬೆಚ್ಚಗಾಗದೆ ನೇರ ಎದೆಗಿಳಿದ ಚಳಿಗಾಳಿ ಕೆರೆಯುತ್ತಿತ್ತು. ಬಾಯಿಯ ಕೆಮ್ಮಾದರೆ ಕೈ ಅಡ್ಡ ಹಿಡಿಯಬಹುದು, ನುಂಗಬಹುದು. ಕತ್ತಿನ ತೂತಿನಿಂದ ಬರುವ ಕೆಮ್ಮನ್ನು ನುಂಗುವುದು ಎಲ್ಲಿಗೆ? ಶಾಲಿನ ಮೂಲಕ ಅದು ಗಕ್ಕೆಂದು, ನಾಯಿ ಬೊಗಳಿದ ಹಾಗೆ ಸಿಡಿಯಿತು. ಎಲ್ಕ್‌ಗಳು ಅಪಾಯ ಕಂಡಾಗ ಕೊಡುವ ಎಚ್ಚರಿಕೆಯೂ ಹೆಚ್ಚುಕಡಿಮೆ ಅಂಥದೇ ಬೊಗಳು. ಮುದಿ ಹೆಣ್ಣು ತಾನೂ ಒಮ್ಮೆ ಬೊಗಳಿತು. ಇಡೀ ಹಿಂಡು ತಿರುಗಿ, ಹಿಮ ಚಿಮ್ಮಿಸುತ್ತ ಗುಡ್ಡದ ಆಚೆಗೆ ಹೊರಟುಹೋಯಿತು.

ಡೆಲ್ಮರ್ ಕೋವಿ ಇಳಿಸಿದ.

"ಅಲ್ಲಪ್ಪ, ಎಲ್ಕ್ ಭಾಷೆ ನಿನಗೆ ಇನ್ನೂ ಮರೆತಿಲ್ಲ ಬಿಡು. ಓಡ್ರೋ ಅಂದೆ, ಓಡಿದ್ವು."

ಲೈಲ್ ಎದ್ದು ಗಾಡಿಯ ಕಡೆಗೆ ನಡೆದುಬಿಟ್ಟ. ಮನೆ ತಲುಪುವವರೆಗೆ ಕಿಟಕಿಯ ಕಡೆಗೆ ಮುಖ. ಇಳಿಯುವಾಗ ಡೆಲ್ಮರ್ ಹೇಳಿದ: "ನಾಳೆನೂ ಬರ್ತೀನಿ. ಬರೋದು ಬಿಡೋದು ನಿನ್ನಿಷ್ಟ. ಆದ್ರೆ ಒಂದು ಮಾತು ಕೇಳು. ನಿನಗೆ ಸೆಪ್ಟೆಂಬರ್ ಗೊತ್ತು, ನವೆಂಬರ್ ಗೊತ್ತಿಲ್ಲ. ನಾನು ಏನೂ ಹೊಡೀದೆ ಎಷ್ಟೋ ನವೆಂಬರ್ ಕೂತ್ಕೊಂಡಿದ್ದೀನಿ. ಈಗ ಅವು ಜಗಳ ಆಡಲ್ಲ, ಸರಸ ಆಡಲ್ಲ. 'ಇದ್ದೀಯಾ?' ಅಂತ ಒಂದು ಕೇಳುತ್ತೆ, 'ಇದ್ದೀನಿ' ಅಂತ ಇನ್ನೊಂದು ಹೇಳುತ್ತೆ. ಅಷ್ಟೇ ಅವುಗಳ ಮಾತು. ಅದನ್ನ ಈ ಬುಡ್ಡೇಲಿ ತರೋಕೆ ನನ್ನ ಕೈಲಿ ಆಗ್ತಿಲ್ಲ." ರಬ್ಬರಿನ ಬುಡ್ಡೆಯನ್ನು ಲೈಲ್‌ನ ತೊಡೆಯ ಮೇಲೆ ಹಾಕಿದ. "ನಿನಗೆ ಬರುತ್ತೋ ನೋಡು."

ಲೈಲ್ ಅದನ್ನು ಎಸೆಯಬೇಕೆಂದಿದ್ದ. ಎಸೆಯಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಒತ್ತಿದ. ಅದೇ ಬಾತುಕೋಳಿ.

"ಬಾಗಿಲ ತಿರುಗಣಿಗೆ ಎಣ್ಣೆ ಬಿಡು ಅಂತ ಎಷ್ಟು ದಿನದಿಂದ ಹೇಳ್ತಿದೀನಿ," ಎಂದಳು ಬರ್ನೀಸ್, ಗೊತ್ತಿದ್ದೂ.

ಹೆಬ್ಬೆರಳಿನಿಂದ ಒತ್ತುವುದು ಬಿಟ್ಟು ಇಡೀ ಅಂಗೈಯಿಂದ ಅಮುಕಿ ನೋಡಿದ. ದನಿ ದಪ್ಪಗಾಯಿತು. ಅರ್ಧ ಅಮುಕಿ ತಡೆದು, ಮೆಲ್ಲನೆ ಬಿಟ್ಟ. ಕೊನೆಯಲ್ಲಿ ದನಿ ಇಳಿಯಬೇಕಾದಲ್ಲಿ ಇಳಿಯಿತು. ಕೈಗವಸು ಹಾಕಿಕೊಂಡು ಬುಡ್ಡೆಯನ್ನು ಅದರೊಳಗೆ ಮುಚ್ಚಿ ಹಿಡಿದಾಗ ರಬ್ಬರಿನ ಕರ್ಕಶತೆ ಅಡಗಿ, ಎಲ್ಲೋ ಮರಗಳ ಆಚೆಯಿಂದ ಬಂದಂತೆ ಕೇಳಿತು. ಕಿವಿ ಅವನದು ಹಳೆಯದೇ. ಎಲ್ಲಿ ತಪ್ಪುತ್ತಿದೆ ಎಂದು ಅದು ಹೇಳುತ್ತಿತ್ತು, ಕೈ ನಿಧಾನವಾಗಿ ಕಲಿಯಿತು. ದೀಪ ಹಚ್ಚುವ ಹೊತ್ತಿಗೆ ಬರ್ನೀಸ್ ಹಿತ್ತಿಲ ಬಾಗಿಲು ತೆರೆದು ಹೊರಗೆ ನೋಡಿದಳು. ಆಮೇಲೆ ತಿರುಗಿ ಗಂಡನನ್ನು ನೋಡಿ, ಬಾಗಿಲು ಹಾಕಿದಳು.

ಮಾರನೆಯ ಬೆಳಗ್ಗೆ ಲೈಲ್ ಹೊರಡುವಾಗ ಯಂತ್ರವನ್ನು ಅವನ ಜೇಬಿಗೆ ತುರುಕಿದವಳು ಅವಳೇ. "ಬಿದ್ದು ಕಾಲು ಮುರ್ಕೊಂಡ್ರೆ ಡೆಲ್ಮರ್‌ಗೆ ಕೇಳೋ ಹಾಗೆ ಕೂಗೋಕಾದ್ರೂ ಇರ್ಲಿ. ಬ್ಯಾಟರಿ ಚಳಿಗೆ ಸತ್ತೋಗುತ್ತೆ. ಕಂಕುಳಲ್ಲಿ ಇಟ್ಕೊ."

ಹುಲ್ಲುಗಾವಲು ಖಾಲಿಯಾಗಿತ್ತು. ಹೆಜ್ಜೆಗುರುತು ಹಿಡಿದು ಕಾಡಿನೊಳಗೆ ಹತ್ತಿದರು. ಲೈಲ್ ಎರಡು ಶಾಲು ಸುತ್ತಿದ್ದ. ನಿಂತು ನಿಂತು, ಕೆಮ್ಮು ಬರುವಂತಾದರೆ ಅಲ್ಲೇ ಮುಗಿಸಿ, ಮುಂದೆ ಹೋಗುತ್ತಿದ್ದ. ಒಂದು ಕಡೆ ಡೆಲ್ಮರ್ ಮೂಗೆತ್ತಿ ಗಾಳಿ ಎಳೆದ.

"ವಾಸನೆ. ಹತ್ತಿರದಲ್ಲೇ ಇವೆ. ನಿನಗೆ ಬರಲ್ಲ ಅಲ್ವಾ?"

ಲೈಲ್ ಇಲ್ಲವೆಂದು ತಲೆಯಾಡಿಸಿದ. ಆ ಹುಳಿ ಬೆರೆತ ಮಿಗದ ವಾಸನೆ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದ. ಹೆಸರು ನೆನಪಾಯಿತು, ವಾಸನೆ ಆಗಲಿಲ್ಲ.

ಅಷ್ಟರಲ್ಲಿ ದಿಣ್ಣೆಯ ಆಚೆ ಯಾರದೋ ಕೋವಿ ಹಾರಿತು. ಬೆನ್ನಿಗೇ ಇನ್ನೊಂದು. ಕಾಡಿನ ತುಂಬ ಗೊರಸಿನ ಸದ್ದು. ಹಿಂಡು ಒಡೆದು ಎರಡು ಮೂರಾಗಿ ಚದುರಿತ್ತು. ಕೊಂಬೆಗಳು ಮುರಿಯುವ ಸದ್ದು ದೂರವಾಯಿತು.

"ಹೋಯ್ತು," ಎಂದ ಡೆಲ್ಮರ್. "ಊಟಕ್ಕೆ ಹುರುಳಿಕಾಯೇ ಗತಿ."

ಲೈಲ್ ಅವನ ತೋಳು ಹಿಡಿದು ಕೂರಿಸಿದ. ದಟ್ಟ ಮರಗಳ ನಡುವೆ ಚಿಕ್ಕ ಬಯಲು. ಬೆನ್ನಿಗೆ ಬಂಡೆ. ಕಾದರು. ಡೆಲ್ಮರ್ ಬುಡ್ಡೆಯ ಕಡೆಗೆ ಕೈ ತೋರಿಸಿದ, ಒತ್ತು ಎಂದು. ಲೈಲ್ ಒತ್ತಲಿಲ್ಲ. ಮತ್ತೆ ಕೈ ತೋರಿಸಿದ. ಲೈಲ್ ಅವನ ಮೊಣಕಾಲಿಗೆ ಒಂದು ಗುದ್ದಿದ. ಹೆದರಿದ ಪ್ರಾಣಿಗೆ ಮೊದಲು ಉಸಿರು ಇಳಿಯಬೇಕು. ಆಮೇಲಷ್ಟೇ ಅದಕ್ಕೆ ತನ್ನವರು ಎಲ್ಲಿ ಎಂಬ ಯೋಚನೆ. ಮೊದಲಿನ ಲೈಲ್ ಆಗಿದ್ದರೆ ಅಷ್ಟರಲ್ಲಿ ಕಾಡೆಲ್ಲ ಅನುರಣಿಸುವ ಹಾಗೆ ಕೂಗಿ ಮುಗಿಸಿರುತ್ತಿದ್ದ.

ಹಿಮ ಮರದಿಂದ ಮರಕ್ಕೆ ಉದುರುವ ಸದ್ದು ಬಿಟ್ಟು ಬೇರೇನೂ ಕೇಳದ ಹಾಗಾದ ಮೇಲೆ, ಕೈಗವಸಿನೊಳಗೆ ಬುಡ್ಡೆಯನ್ನು ಒಂದೇ ಒಂದು ಸಲ, ಅರ್ಧ, ಅಮುಕಿ ಬಿಟ್ಟ. ಪಕ್ಕದಲ್ಲಿದ್ದ ಡೆಲ್ಮರ್‌ಗೂ ಕೇಳಿತೋ ಇಲ್ಲವೋ.

ಏನೂ ಆಗಲಿಲ್ಲ. ಡೆಲ್ಮರ್‌ನ ಕಾಲು ಮರಗಟ್ಟಿತು. ಅವನು ಬಾಯಲ್ಲಿ ಏನೋ ಗೊಣಗಲು ಹೊರಟಾಗ ಲೈಲ್ ಅವನ ಎಡತೋಳಿಗೆ ಗುದ್ದಿದ. ಎಡಗಡೆಯ ಮರಗಳ ಆಳದಿಂದ ಸಣ್ಣ ಉತ್ತರವೊಂದು ಬಂದಿತ್ತು. ಲೈಲ್ ಪ್ರತಿಯಾಗಿ ಒತ್ತಲಿಲ್ಲ. ಬರುತ್ತಿರುವವರನ್ನು ಬಾ ಬಾ ಎಂದರೆ ಅನುಮಾನ ಬರುತ್ತದೆ, ಅದು ಹರಾಜಿನಲ್ಲೂ ಅಷ್ಟೇ. ಮೊದಲು ಕಿವಿ ಕಂಡಿತು, ಆಮೇಲೆ ಕಂದು ಕತ್ತು. ಒಂಟಿ ಹೆಣ್ಣು. ಬೆಳೆದ, ದುಂಡಗಿನ ಪ್ರಾಣಿ. ಕರೆದವರು ಎಲ್ಲಿ ಎಂದು ಹುಡುಕುತ್ತ ಬಯಲಿಗೆ ಇಳಿಯಿತು. ಆದರೆ ನಿಲ್ಲದೆ, ಓರೆಯಾಗಿ, ದಾಪುಗಾಲಿನಲ್ಲಿ ಬಯಲು ದಾಟತೊಡಗಿತು. ಡೆಲ್ಮರ್‌ನ ಕೋವಿಯ ತುದಿ ಅದರ ಹಿಂದೆಯೇ ಅಲೆಯಿತು. ಓಡುವ ಪ್ರಾಣಿಗೆ ಗುರಿಯಿಡಲು ಅವನಿಂದ ಆಗದೆಂದು ಇಬ್ಬರಿಗೂ ಗೊತ್ತಿತ್ತು. ಇನ್ನು ನಾಲ್ಕು ಹೆಜ್ಜೆಗೆ ಮರಗಳ ಮರೆ.

ನಿಲ್ಲಿಸಲು ಬುಡ್ಡೆ ಒತ್ತಬೇಕಿತ್ತು. ಅದು ಕೈಗವಸಿನಲ್ಲಿ ಜಾರಿ ಮಡಿಲಿಗೆ ಬಿತ್ತು. ಲೈಲ್‌ನ ಇನ್ನೊಂದು ಕೈ ಆಗಲೇ ಕಂಕುಳಿಗೆ ಹೋಗಿತ್ತು. ಯಂತ್ರ ಗದ್ದದಡಿಗೆ ಬಂತು. ಜೀವಮಾನವೆಲ್ಲ ಕಟಕಟೆಯಲ್ಲಿ ಓಡುವ ದನಕ್ಕೆ ಹೇಳಿದ ಮಾತನ್ನೇ ಹೇಳಿದ: "ಹೋ!"

ಕಾಡಿನಲ್ಲಿ ಯಾವ ಪ್ರಾಣಿಯೂ ಎಂದೂ ಕೇಳಿರದ ಸದ್ದು ಅದು. ಎಲ್ಕ್ ಕಾಲೂರಿ ನಿಂತು, ತಲೆ ತಿರುಗಿಸಿ, ಇದೇನು ಎಂಬಂತೆ ನೋಡಿತು. ಡೆಲ್ಮರ್ ಕೋವಿ ಹಾರಿಸಿದ. ಅದು ಮುಂಗಾಲು ಮಡಚಿ, ಅಲ್ಲೇ ಕುಸಿಯಿತು.

ಇಬ್ಬರೂ ಹತ್ತಿರ ಹೋಗಿ ನಿಂತರು. ಡೆಲ್ಮರ್ ಟೋಪಿ ತೆಗೆದ. ಆಮೇಲೆ ಪರವಾನಗಿಯ ಚೀಟಿ ಕಟ್ಟಿ, ಚಾಕು ಮಸೆದು ಕೆಲಸಕ್ಕೆ ಇಳಿದರು. ಹೊಟ್ಟೆ ಸೀಳಿದಾಗ ಎದ್ದ ಬಿಸಿ ಹಬೆಯಲ್ಲಿ ಲೈಲ್‌ನ ಬೆರಳುಗಳಿಗೆ ಜೀವ ಬಂತು. ತುಂಡು ಮಾಡಿ, ಹಿಮದ ಮೇಲೆ ಎಳೆದು, ಗಾಡಿಗೆ ಸೇರಿಸುವ ಹೊತ್ತಿಗೆ ಸೂರ್ಯ ನೆತ್ತಿ ದಾಟಿದ್ದ. ಡೆಲ್ಮರ್ ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದ. "ಹೋ ಅಂತೆ! ಹೋ!"

ಅವನು ಸೀದಾ ಆರ್ಲಾಳ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿದ. ಲೈಲ್ ಬೇಡವೆಂದು ಕೈಯಾಡಿಸಿದ. ಕಾಲಿನ ಚಳಿ ಬಿಡುವಷ್ಟು ಹೊತ್ತು ಎಂದು ಡೆಲ್ಮರ್ ಅವನನ್ನು ಎಳೆದುಕೊಂಡು ಹೋದ. ಒಳಗೆ ಪರಿಚಿತರೇ. ಡೆಲ್ಮರ್ ಕೂರುವ ಮೊದಲೇ ಕತೆ ಶುರು ಮಾಡಿದ. ಹಿಂಡು ಒಡೆದದ್ದು, ಕಾದದ್ದು, ಬುಡ್ಡೆ ಬಿದ್ದದ್ದು. "ಆಗ ನೋಡಿ, ಇವನು ಆ ಯಂತ್ರ ತೆಗೆದ, ಬ್ಯಾಟರೀದು, ಒತ್ತಿದ ನೋಡಿ, ಗುಂಯ್ ಅಂತು, ಎಲ್ಕ್ ಬೊಂಬೆ ಥರ ನಿಂತ್ಕೊಂಡ್ತು!"

ಮೂಲೆಯ ಮೇಜಿನಿಂದ ಕುರ್ಚಿ ಸರಿಯಿತು. ಶೆರಿಲ್ ಕೊವಾಚ್, ಆ ವಸಂತದಲ್ಲಷ್ಟೇ ಕಣಿವೆಗೆ ವರ್ಗವಾಗಿ ಬಂದಿದ್ದ ಬೇಟೆ ಇಲಾಖೆಯ ವಾರ್ಡನ್. ಕೈಯಲ್ಲಿ ಕಾಫಿಯ ಬಟ್ಟಲು.

"ಯಂತ್ರ ಅಂದ್ರಲ್ಲ, ಎಂಥ ಯಂತ್ರ?"

ಡೆಲ್ಮರ್‌ನ ಬಾಯಿ ತೆರೆದಲ್ಲೇ ನಿಂತಿತು. ಬ್ಯಾಟರಿಯ ಸದ್ದಿನಿಂದ ಎಲ್ಕ್ ಕರೆಯುವುದು ಕಾನೂನಿಗೆ ವಿರುದ್ಧ ಎಂಬುದು ಆ ಊರಿನ ನಾಯಿಗಳಿಗೂ ಗೊತ್ತು.

"ಅದರಲ್ಲಿ ಕರೀಲಿಲ್ಲಮ್ಮ," ಎಂದ. "ರಬ್ಬರ್ ಬುಡ್ಡೆ ಕೂಗಿಗೇ ಬಂದಿತ್ತು. ಇವನು ನಿಲ್ಲಿಸಿದ್ದು, ಅಷ್ಟೇ."

"ಕರೆದ್ರೂ ಒಂದೇ, ನಿಲ್ಲಿಸಿದ್ರೂ ಒಂದೇ. ಆ ಯಂತ್ರ ತೋರಿಸಿ."

ಲೈಲ್ ಎಲ್ಲರ ಮುಖ ನೋಡಿದ. ಇವರ ಎದುರು ಆ ಸದ್ದು ಹೊರಡಿಸುವುದಕ್ಕಿಂತ ದಂಡ ಕಟ್ಟಿ, ಮಾಂಸ ಒಪ್ಪಿಸಿ ಹೋಗುವುದೇ ವಾಸಿ ಎಂದು ಅವನಿಗೆ ಒಂದು ಗಳಿಗೆ ಅನ್ನಿಸಿತು. ಆದರೆ ಮಾಂಸ ಡೆಲ್ಮರ್‌ನದು, ಪರವಾನಗಿ ಡೆಲ್ಮರ್‌ನದು. ಶಾಲು ಸಡಿಲಿಸಿ, ಯಂತ್ರ ತೆಗೆದು ಗದ್ದದಡಿಗೆ ಒತ್ತಿದ.

"ಇದು ನನ್ನ ಗಂಟಲು."

ದನಿಯಲ್ಲಿ ಏರಿಲ್ಲ, ಇಳಿವಿಲ್ಲ. ಗೆರೆ ಎಳೆದ ಹಾಗೆ. ಶೆರಿಲ್ ಬಟ್ಟಲು ಕೆಳಗಿಟ್ಟಳು. ಮುಖ ಕೆಂಪಾಯಿತು. ಆದರೂ ಕೆಲಸ ಬಿಡುವವಳಲ್ಲ.

"ಕ್ಷಮಿಸಿ ಸರ್. ಕೇಳಲೇಬೇಕು. ಎಲ್ಕ್‌ಗೆ ನೀವು ಏನಂದ್ರಿ?"

"ಓ."

"ಓ?"

"ದನ ನಿಲ್ಸೋ ಮಾತು. ಮೊದಲ ಅಕ್ಷರ ಬರಲ್ಲ ಇದರಲ್ಲಿ."

ಯಾರೋ ಕಿಸಕ್ಕೆಂದರು. ಆಕೆ ನಗಲಿಲ್ಲ. "ಕೂಗಿದ್ರೋ, ಹೇಳಿದ್ರೋ?"

ಲೈಲ್ ಯೋಚಿಸಿದ. "ಮಾತಾಡಿದ್ದು. ದನಕ್ಕೆ ಅನ್ನೋ ಥರ. ಅದಕ್ಕೆ ಅರ್ಥ ಆಯ್ತು ಅಂತ ಕಾಣುತ್ತೆ."

"ನಾನು ನನ್ನ ಗಂಡನಿಗೆ ದಿನಾ ಹೇಳ್ತೀನಿ, ಅವನಿಗೆ ಅರ್ಥ ಆಗಲ್ಲ," ಎಂದಳು ಆರ್ಲಾ. ಆಗ ಎಲ್ಲರೂ ನಕ್ಕರು, ಲೈಲ್‌ನ ಹೆಗಲೂ ಕುಲುಕಿತು. ನಗುವಿಗೂ ಅವನಲ್ಲಿ ಸದ್ದಿರಲಿಲ್ಲ.

ಶೆರಿಲ್ ಹೊರಗೆ ಹೋಗಿ ಗಾಡಿಯಲ್ಲಿದ್ದ ಮಾಂಸವನ್ನೂ ಅದಕ್ಕೆ ಕಟ್ಟಿದ ಚೀಟಿಯನ್ನೂ ನೋಡಿ ಬಂದಳು. "ಮನುಷ್ಯ ಆಡೋ ಮಾತಿಗೆ ನಮ್ಮಲ್ಲಿ ಕಾಯ್ದೆ ಇಲ್ಲ," ಎಂದಳು. "ಆದ್ರೆ ಮಿಸ್ಟರ್ ಟಾರ್ವಿಕ್, ಇದರಲ್ಲಿ ಹೆಣ್ಣು ಎಲ್ಕ್ ಥರ ಕೂಗಿಬಿಟ್ರೆ ನನಗೆ ಕಷ್ಟ ಆಗುತ್ತೆ."

"ಬರಲ್ಲ," ಎಂದ ಲೈಲ್. "ಪ್ರಯತ್ನ ಮಾಡಿದ್ದೀನಿ."

ಅವನು ಯಾವಾಗ ಪ್ರಯತ್ನ ಮಾಡಿದ್ದ, ಮನೆಯಲ್ಲೋ ಕೊಟ್ಟಿಗೆಯಲ್ಲೋ, ಯಾರಿಗೂ ತಿಳಿಯದು. ಬರ್ನೀಸಳೂ ಕೇಳಿರಲಿಲ್ಲ.

ಆ ಚಳಿಗಾಲ ಕಳೆದ ಮೇಲೆ ಲೈಲ್ ಸಂತೆಗೆ ಹೋದ. ಅಟ್ಟಣೆಯ ಮೇಲಲ್ಲ, ಕೆಳಗೆ ಕಟಕಟೆಯ ಬಾಗಿಲಿಗೆ. ಕೋಲು ಹಿಡಿದು ದನಗಳನ್ನು ಒಳಗೆ ಬಿಡುವುದು, ಹೊರಗೆ ಹೊಡೆಯುವುದು ಅವನ ಕೆಲಸವಾಯಿತು. ಹೊಸ ಕೂಗುವವನು ತಪ್ಪು ಮಾಡಿದಾಗ ಅಲ್ಲಿಂದಲೇ ತಲೆಯಾಡಿಸುತ್ತಿದ್ದ. ಮೊದಮೊದಲು ಆ ಮನುಷ್ಯ ಸಿಟ್ಟಾಗುತ್ತಿದ್ದ, ಆಮೇಲೆ ಬೆಲೆ ಏರಿಸುವ ಮುಂಚೆ ಒಮ್ಮೆ ಬಾಗಿಲ ಕಡೆ ನೋಡುವುದು ರೂಢಿಯಾಯಿತು. ಮಾತು ಬೇಕಾದಾಗ ಲೈಲ್ ಯಂತ್ರ ಒತ್ತುತ್ತಿದ್ದ. ಒತ್ತಲು ಒಂದು ಕೈ ಬೇಕು. ಕೈಯಲ್ಲಿ ಕೋಲು ಇದ್ದರೆ, ಬಟ್ಟಲು ಇದ್ದರೆ, ಅದನ್ನು ಕೆಳಗಿಡುವಷ್ಟು ತೂಕ ಆ ಮಾತಿಗೆ ಉಂಟೇ ಎಂದು ಯೋಚಿಸಬೇಕಾಗುತ್ತಿತ್ತು. ಹೆಚ್ಚಿನವಕ್ಕೆ ಇರುತ್ತಿರಲಿಲ್ಲ.

ಸೆಪ್ಟೆಂಬರಿನ ಬೇಟೆಗೆ ಅವನು ಮತ್ತೆ ಹೋಗಲಿಲ್ಲ. ಗಂಡಿನ ಕಹಳೆ ಬುಡ್ಡೆಯಿಂದ ಬರುವುದಿಲ್ಲ. ಆದರೆ ಪ್ರತಿ ನವೆಂಬರಿನ ಕೊನೆಯಲ್ಲಿ ಡೆಲ್ಮರ್‌ನ ಪಿಕಪ್ ಬಂದು ನಿಲ್ಲುತ್ತಿತ್ತು. ಒಬ್ಬ ಮೂಸುತ್ತಿದ್ದ, ಇನ್ನೊಬ್ಬ ಕೇಳುತ್ತಿದ್ದ. ಕೆಲವು ವರ್ಷ ಸಿಕ್ಕಿತು, ಕೆಲವು ವರ್ಷ ಇಲ್ಲ. ಒಂದು ಸಲ ಕಾದು ಕಾದು ಡೆಲ್ಮರ್ ನಿದ್ದೆ ಹೋಗಿ, ಬಂದ ಹಿಂಡೂ ಅವನ ಗೊರಕೆಗೆ ಓಡಿಹೋಯಿತು. ಲೈಲ್ ಅದನ್ನು ಊರಿನಲ್ಲಿ ಹೇಳಲಿಲ್ಲ. ಹೇಳಿದವನು ಡೆಲ್ಮರನೇ.

ಕೊನೆಯ ಸಲ ಅವರು ಗುಡ್ಡ ಹತ್ತಿದ ವರ್ಷ ಡೆಲ್ಮರ್‌ನ ಸೊಂಟ ಕೈಕೊಟ್ಟಿತು. ಅರ್ಧ ದಾರಿಯಿಂದಲೇ ಇಳಿದು ಬಂದರು. ಮಾಂಸವಿಲ್ಲದೆ ಬಂದ ಗಂಡನಿಗೆ ಬರ್ನೀಸ್ ಸಂತೆಯಿಂದ ತಂದ ದನದ ಮಾಂಸವನ್ನು ಈರುಳ್ಳಿ ಹಾಕಿ ಬೇಯಿಸಿ ಬಡಿಸಿದಳು. ತಾನೂ ಎರಡನೇ ಸಲ ಬಡಿಸಿಕೊಂಡಳು.

ಲೈಲ್ ಚಮಚ ಕೆಳಗಿಟ್ಟು ಯಂತ್ರ ತೆಗೆದ. "ನೀನು ಎರಡನೇ ಸಲ ಬಡಿಸಿಕೊಳ್ಳೋದನ್ನ ನಾನು ಇದುವರೆಗೂ ನೋಡೇ ಇಲ್ಲ."

"ಎಲ್ಕ್ ಮಾಂಸ ನನಗೆ ಮೊದಲಿಂದ್ಲೂ ಸೇರಲ್ಲ," ಎಂದಳು ಬರ್ನೀಸ್. "ಹೇಳೋಣ ಅಂತಿದ್ದೆ."